ದಿನಕ್ಕೆ ಎರಡು ಹೊತ್ತು ತಾಲೀಮು: ಮೂರನೇ ವಾರಕ್ಕೆ ಕುಂಟದೆ ಮುಂದುವರಿಯುವ ಕ್ರಮ

ಕೊಡಗಿನಲ್ಲಿ ಎರಡು ಹೊತ್ತಿನ ತಾಲೀಮಿಗೆ ಇಳಿಯುವವರು ಹೆಚ್ಚಾಗಿ ಮೂರು ಬಗೆ: ಸೇನಾ ಭರ್ತಿಗೆ ತಯಾರಾಗುವವರು, ಬೇಸಿಗೆಯಲ್ಲಿ ಕೊಡವ ಮನೆತನಗಳ ನಡುವೆ ನಡೆಯುವ ಕೌಟುಂಬಿಕ ಹಾಕಿಗೆ ಮೈ ಸಜ್ಜು ಮಾಡಿಕೊಳ್ಳುವವರು, ಜಿಮ್ಮಿನ ಜೊತೆಗೆ ಓಟವನ್ನೂ ಹಚ್ಚಿಕೊಂಡವರು. ಎಡವುವ ಜಾಗ ಮಾತ್ರ ಎಲ್ಲರದೂ ಒಂದೇ. ಮೊದಲ ವಾರ ಹುಮ್ಮಸ್ಸು, ಎರಡನೇ ವಾರ ಮೈಕೈ ನೋವು, ಮೂರನೇ ವಾರ ಮೊಣಕಾಲ ಕೆಳಗಿನ ಎಲುಬು ಹಿಡಿದುಕೊಂಡು ಮನೆಯಲ್ಲಿ ಕೂರುವುದು. ಬೆಳಿಗ್ಗೆ ಮಾಡುತ್ತಿದ್ದಷ್ಟನ್ನೇ ಸಂಜೆಗೂ ಇನ್ನೊಮ್ಮೆ ಹಾಕಿಕೊಂಡರೆ ಆಗುವುದು ಇದೇ.

ಎರಡು ಹೊತ್ತು ಅಂದರೆ ಮೊದಲು ಇದ್ದ ಕೆಲಸವನ್ನು ಎರಡು ಪಾಲು ಮಾಡುವುದು. ಆ ಪಾಲು ಮೈಗೆ ಒಗ್ಗಿದ ಮೇಲೆ ನಿಧಾನಕ್ಕೆ ಬೆಳೆಸುವುದು. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಪೆಟ್ಟು ಬೀಳುವುದು ಅಲ್ಲೇ.

ಶುರು ಮಾಡುವ ಮೊದಲು: ನಿಮಗೆ ಇದು ಹೊಂದುತ್ತದೆಯೇ?

ಕಳೆದ ಆರು ತಿಂಗಳು ವಾರಕ್ಕೆ ನಾಲ್ಕೈದು ದಿನ ಬಿಡದೆ ಒಂದು ಹೊತ್ತು ತಾಲೀಮು ಮಾಡಿದ್ದೀರಾ? ಪಕ್ಕದವರ ಜೊತೆ ಮಾತಾಡುತ್ತಾ 40 ನಿಮಿಷ ಓಡಬಲ್ಲಿರಾ? ರಾತ್ರಿ ಕನಿಷ್ಠ ಏಳೂವರೆ ಗಂಟೆ ಮಲಗಲು ಮನೆಯಲ್ಲಿ ಅನುಕೂಲ ಇದೆಯೇ? ಮೂರಕ್ಕೂ ಹೌದು ಎನ್ನಲಾಗದಿದ್ದರೆ ಈಗಿರುವ ಒಂದೇ ಹೊತ್ತನ್ನು ಚೆನ್ನಾಗಿ ಮಾಡಿ, ಅದರಲ್ಲೇ ಇನ್ನೂ ಬೆಳೆಯಲು ಜಾಗವಿದೆ.

ಹದಿನಾರು ತುಂಬದ ಮಕ್ಕಳಿಗೆ ಶಾಲೆಯ ಆಟ ಸೇರಿ ದಿನಕ್ಕೆ ಒಂದು ಹೊತ್ತು ಧಾರಾಳವಾಯಿತು. ಓಡುವಾಗ ಎದೆ ಹಿಡಿದುಕೊಳ್ಳುವುದು, ಕಣ್ಣು ಕತ್ತಲೆ ಬರುವುದು ಇದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ, ಮೊದಲು ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಿ.

ಬೇಕಾದ ಸಾಮಾನು

ದುಬಾರಿಯದು ಏನೂ ಬೇಡ, ಆದರೆ ಒಂದು ವಿಷಯದಲ್ಲಿ ಜಿಪುಣತನ ಮಾಡಬೇಡಿ: ಓಟದ ಶೂ ಎರಡು ಜೊತೆ ಇರಲಿ. ಬೆಳಿಗ್ಗೆ ಒದ್ದೆಯಾದ ಶೂ ಸಂಜೆಗೆ ಒಣಗುವುದಿಲ್ಲ, ಮಳೆಗಾಲದಲ್ಲಂತೂ ಎರಡು ದಿನಕ್ಕೂ ಒಣಗುವುದಿಲ್ಲ. ಜೊತೆಗೆ ನಾಲ್ಕು ಜೊತೆ ಕಾಲುಚೀಲ, ಸೆಕೆಂಡು ತೋರಿಸುವ ಗಡಿಯಾರ, ಮನೆಯಲ್ಲೊಂದು ತೂಕದ ಯಂತ್ರ, ಪುಲ್ ಅಪ್‌ಗೆ ಗಟ್ಟಿ ಕಂಬಿ (ಅದನ್ನು ಹಿಡಿದು ನೇತಾಡಿ ಮೈ ಮೇಲೆಳೆಯುವುದೇ ಪುಲ್ ಅಪ್), ಹಣೆಗೆ ಕಟ್ಟುವ ಟಾರ್ಚ್, ಒಂದು ನೋಟ್ ಪುಸ್ತಕ. ಈ ನೋಟ್ ಪುಸ್ತಕ ಇಲ್ಲದೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ.

ಹಂತ 1: ಎರಡು ವಾರ ಬರೀ ಲೆಕ್ಕ

ತಾಲೀಮಿನಲ್ಲಿ ಏನನ್ನೂ ಬದಲಿಸಬೇಡಿ, ಬರೆಯುತ್ತಾ ಹೋಗಿ. ಬೆಳಿಗ್ಗೆ ಎದ್ದು, ಹಾಸಿಗೆಯಲ್ಲೇ ಇದ್ದು, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಕಾಫಿ ಕುಡಿದ ಮೇಲೆ, ಫೋನ್ ನೋಡಿದ ಮೇಲೆ ಎಣಿಸಿದ ಲೆಕ್ಕ ಬೇರೆಯೇ ಬರುತ್ತದೆ. ಎರಡು ವಾರದ ಸರಾಸರಿ ನಿಮ್ಮ ಮೂಲ ನಾಡಿ. ಮುಂದೆ ಎಚ್ಚರಿಕೆ ಕೊಡುವುದು ಇದೇ ಅಂಕಿ.

ತಾಲೀಮು ಮುಗಿದು ಅರ್ಧ ಗಂಟೆಯಾದ ಮೇಲೆ ಅದು ಎಷ್ಟು ಕಷ್ಟವಾಯಿತು ಎಂದು 10ಕ್ಕೆ ಅಂಕ ಕೊಡಿ. ಸುಮ್ಮನೆ ನಡೆದರೆ 2, ಉಸಿರು ಕಟ್ಟುವಂತೆ ಓಡಿದರೆ 9. ಅದನ್ನು ನಿಮಿಷದಿಂದ ಗುಣಿಸಿ. 60 ನಿಮಿಷದ ಹಗುರ ಓಟಕ್ಕೆ 4 ಅಂಕವಾದರೆ ಆ ದಿನದ ಹೊರೆ 240. ಅರ್ಧ ಗಂಟೆ ಕಾಯುವುದಕ್ಕೆ ಕಾರಣವಿದೆ. ಓಟ ಮುಗಿದ ಕೂಡಲೇ ಕೇಳಿದರೆ ಕೊನೆಯ ಐದು ನಿಮಿಷದ ಕಷ್ಟವೇ ಇಡೀ ತಾಲೀಮಿನ ಕಷ್ಟವೆನಿಸುತ್ತದೆ. ದಿನದ ಹೊರೆಗಳನ್ನು ಕೂಡಿದರೆ ವಾರದ ಹೊರೆ ಸಿಗುತ್ತದೆ.

ಹಂತ 2: ಒಡೆಯುವುದು

ಮೂರನೇ ಮತ್ತು ನಾಲ್ಕನೇ ವಾರ, ವಾರಕ್ಕೆ ಎರಡೇ ದಿನ ಎರಡು ಹೊತ್ತು. ಒಂದು ದಿನಕ್ಕೂ ಇನ್ನೊಂದಕ್ಕೂ ನಡುವೆ ಎರಡು ದಿನವಾದರೂ ಇರಲಿ, ಸೋಮವಾರ ಮತ್ತು ಗುರುವಾರ ಅನ್ನಿ. 60 ನಿಮಿಷದ ಓಟವನ್ನು ಬೆಳಿಗ್ಗೆ 35, ಸಂಜೆ 25 ಮಾಡಿ. ಕಷ್ಟದ ಅಂಕ 4ರಲ್ಲೇ ಇರಲಿ, ಆಗ ಹೊರೆ ಹಿಂದಿನ ಅದೇ 240. ವಾರದ ಒಟ್ಟು ಹೊರೆ ಹಂತ 1ರಲ್ಲಿ ಬಂದದ್ದಕ್ಕಿಂತ ಹೆಚ್ಚಾಗಬಾರದು.

"ಇಷ್ಟೇನಾ?" ಅನ್ನಿಸುತ್ತದೆ. ಹೌದು, ಇಷ್ಟೇ. ಈ ಎರಡು ವಾರದಲ್ಲಿ ನೀವು ಕಲಿಯುತ್ತಿರುವುದು ಓಟವನ್ನಲ್ಲ, ದಿನಚರಿಯನ್ನು: ಎಷ್ಟು ಹೊತ್ತಿಗೆ ಉಂಡರೆ ಸಂಜೆ ಹೊಟ್ಟೆ ಭಾರವಾಗುವುದಿಲ್ಲ, ಎಷ್ಟು ಹೊತ್ತಿಗೆ ಮಲಗಿದರೆ ಬೆಳಿಗ್ಗೆ ಅಲಾರಂ ಕಾಟ ಅನ್ನಿಸುವುದಿಲ್ಲ. ಉಸಿರು, ಸ್ನಾಯು ಬೇಗ ಒಗ್ಗುತ್ತವೆ. ಎಲುಬು ಮತ್ತು ಸ್ನಾಯುರಜ್ಜು ಒಗ್ಗಲು ತಿಂಗಳುಗಳು ಬೇಕು. ಉಸಿರು ಚೆನ್ನಾಗಿದೆ ಎಂದು ಓಟ ಹೆಚ್ಚಿಸಿದಾಗ ಕಾಲಿನ ಎಲುಬು ಬಿರುಕು ಬಿಡುವುದು ಇದರಿಂದಲೇ.

ಹಂತ 3: ಯಾವುದು ಮೊದಲು, ನಡುವೆ ಎಷ್ಟು ಅಂತರ

ನಿಯಮ ಸರಳ. ದಿನಕ್ಕೆ ಕಠಿಣ ಹೊತ್ತು ಒಂದೇ. ಇನ್ನೊಂದು ಹಗುರವಾಗಿರಲಿ, ಇಲ್ಲವೇ ಬೇರೆ ಅಂಗಕ್ಕೆ ಕೆಲಸ ಕೊಡುವಂಥದ್ದಾಗಿರಲಿ. ನಿಮ್ಮ ಗುರಿ ಯಾವುದೋ ಅದು ಮೊದಲು ಬರಬೇಕು. ಭರ್ತಿಯ ಓಟ ಗುರಿಯಾದರೆ ಬೆಳಿಗ್ಗೆ ಓಟ, ಸಂಜೆ ಕಂಬಿ. ಬಲವೇ ಗುರಿಯಾದರೆ ಬೆಳಿಗ್ಗೆ ಭಾರ, ಸಂಜೆ ಹಗುರ ಓಟ. ದಣಿದ ಕಾಲಿನಲ್ಲಿ ವೇಗದ ಓಟ ಕಲಿಯಲು ಹೋದರೆ ಹೆಜ್ಜೆಯ ಕ್ರಮವೇ ಕೆಡುತ್ತದೆ, ಹಿಮ್ಮಡಿ ದಪದಪ ಬಡಿಯಲು ಶುರುವಾಗುತ್ತದೆ.

ಎರಡರ ನಡುವೆ ಕನಿಷ್ಠ ಆರು ಗಂಟೆ, ಎಂಟಾದರೆ ಒಳ್ಳೆಯದು. ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಏಳೂವರೆಗೆ ಮುಗಿಸಿದರೆ ಸಂಜೆ ನಾಲ್ಕೂವರೆ, ಐದು ಸರಿಯಾದ ಹೊತ್ತು. ಸಂಜೆ ಏಳರ ನಂತರದ ಕಠಿಣ ತಾಲೀಮು ನಿದ್ದೆಯನ್ನು ತಿನ್ನುತ್ತದೆ.

ಕಾಲಿಗೆ ಭಾರ ಎತ್ತುವ ದಿನವನ್ನೂ ವೇಗದ ಓಟದ ದಿನವನ್ನೂ ಬೇರೆ ಬೇರೆ ಇಟ್ಟರೆ ಕಾಲಿಗೆ ದಣಿವಾರಿಸಿಕೊಳ್ಳುವ ದಿನವೇ ಉಳಿಯುವುದಿಲ್ಲ. ಆದ್ದರಿಂದ ಪಳಗಿದ ಮೇಲೆ ಎರಡನ್ನೂ ಒಂದೇ ದಿನ ಹಾಕಿ: ಬೆಳಿಗ್ಗೆ ಓಟ, ಸಂಜೆ ಮೂರು ಸೆಟ್ ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು). ಕಠಿಣ ಹೊತ್ತು ಆಗಲೂ ಬೆಳಗಿನದೇ. ಸಂಜೆಯ ಭಾರ ಮಿತವಾಗಿರಲಿ, ಪ್ರತಿ ಸೆಟ್‌ನಲ್ಲೂ ಇನ್ನು ಮೂರ್ನಾಲ್ಕು ಎತ್ತಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಿ. ಮರುದಿನ ಕಾಲು ಪೂರ್ತಿ ಖಾಲಿ ಬಿಡಿ.

ವಾರ್ಮ್ ಅಪ್ ಬಗ್ಗೆ ಒಂದು ಮಾತು. ಡಿಸೆಂಬರ್, ಜನವರಿಯ ಮಡಿಕೇರಿ ಚಳಿಯಲ್ಲಿ ಬೆಳಗಿನ ಹೊತ್ತು ಎಂಟು ನಿಮಿಷ ಸಾಲದು, ಹದಿನೈದು ಬೇಕು. ಐದು ನಿಮಿಷ ಬಿರುಸು ನಡಿಗೆ, ಐದು ನಿಮಿಷ ಮೆಲ್ಲ ಓಟ, ಆಮೇಲೆ ಕಾಲು ಬೀಸುವುದು, ಮಂಡಿ ಎತ್ತಿ ಓಡುವುದು, ಕೊನೆಗೆ 60 ಮೀಟರಿನ ಮೂರು ಓಟ, ಒಂದಕ್ಕಿಂತ ಒಂದು ವೇಗ. ಬೆವರು ಜಿನುಗಿದ ಮೇಲೆ ಸ್ವೆಟರ್ ತೆಗೆಯಿರಿ, ಅದಕ್ಕೂ ಮೊದಲು ಬೇಡ.

ಹಂತ 4: ವಾರದ ಪಟ್ಟಿ

ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ, ಪುಲ್ ಅಪ್, 9 ಅಡಿ ಹಳ್ಳ ಹಾರುವುದು, ಅಂಕುಡೊಂಕು ತೊಲೆಯ ಮೇಲೆ ನಡೆಯುವುದು ಇರುತ್ತವೆ. ಓಟದಲ್ಲಿ ಪೂರ್ಣ ಅಂಕಕ್ಕೆ 5 ನಿಮಿಷ 30 ಸೆಕೆಂಡಿನೊಳಗೆ ಮುಟ್ಟಬೇಕು, ಅಂದರೆ 400 ಮೀಟರಿನ ಪ್ರತಿ ಸುತ್ತಿಗೆ 82 ಸೆಕೆಂಡು ಚಿಲ್ಲರೆ. ಪುಲ್ ಅಪ್‌ನಲ್ಲಿ ಪೂರ್ಣ ಅಂಕ 10ಕ್ಕೆ. ಇದನ್ನೇ ಗುರಿ ಇಟ್ಟುಕೊಂಡರೆ ಹಂತ 2 ಮುಗಿಸಿದವರ ವಾರ ಹೀಗಿರಬಹುದು.

ಸೋಮವಾರ ಬೆಳಿಗ್ಗೆ 400 ಮೀಟರಿನ ಐದು ಸುತ್ತು, ಪ್ರತಿಯೊಂದೂ 82 ಸೆಕೆಂಡಿನಲ್ಲಿ, ನಡುವೆ ಎರಡು ನಿಮಿಷ ನಡಿಗೆ. ಮೊದಲ ಸುತ್ತು 75ಕ್ಕೆ ಓಡಿ ಕೊನೆಯದು 95ಕ್ಕೆ ಬಂದರೆ ಆ ತಾಲೀಮು ವ್ಯರ್ಥ. ಐದೂ ಒಂದೇ ಸಮ ಬರಬೇಕು. ಸಂಜೆ 30 ನಿಮಿಷ ಪುಲ್ ಅಪ್ ಮತ್ತು ಹೊಟ್ಟೆಯ ಕಸರತ್ತು. ನಿಮ್ಮಿಂದ ಒಮ್ಮೆಗೆ ಎಂಟು ಪುಲ್ ಅಪ್ ಆಗುವುದಾದರೆ ನಾಲ್ಕರಂತೆ ಐದು ಸೆಟ್ ಎಳೆಯಿರಿ, ಪ್ರತಿ ಸೆಟ್‌ನಲ್ಲೂ ಕೈಯಲ್ಲಿ ಕಸುವು ಉಳಿದಿರುವಾಗಲೇ ಕೆಳಗಿಳಿಯಿರಿ.

ಮಂಗಳವಾರ ಒಂದೇ ಹೊತ್ತು, 40 ನಿಮಿಷ ಮಾತಾಡುತ್ತಾ ಓಟ. ಬುಧವಾರ ಬೆಳಿಗ್ಗೆ ಭಾರದ ಕಸರತ್ತು 45 ನಿಮಿಷ, ಸಂಜೆ 25 ನಿಮಿಷ ಹಗುರ ಓಟ, ಓಡಿದ್ದೇ ಗೊತ್ತಾಗದಷ್ಟು ಹಗುರ. ಗುರುವಾರ ನಡಿಗೆ ಮಾತ್ರ.

ಶುಕ್ರವಾರ ಬೆಳಿಗ್ಗೆ ಏರು. ಇದಕ್ಕೆ ಕೊಡಗಿನಲ್ಲಿ ಜಾಗ ಹುಡುಕಬೇಕಿಲ್ಲ. 45 ಸೆಕೆಂಡಿನ ಆರರಿಂದ ಎಂಟು ಏರು ಓಟ, ಇಳಿಯುವಾಗ ನಡೆದೇ ಇಳಿಯಿರಿ. ಸಂಜೆ ಮತ್ತೆ ಕಂಬಿ, ಮೈ ಸಡಿಲಿಸುವ ವ್ಯಾಯಾಮ. ಶನಿವಾರ ಒಂದು ಹೊತ್ತು, 60 ನಿಮಿಷದ ಓಟ ಇಲ್ಲವೇ ಹಾಕಿ. ಭಾನುವಾರ ಪೂರ್ತಿ ರಜೆ.

ಹಾಕಿ ಆಡುವವರು ಸೋಮವಾರದ ಸುತ್ತುಗಳ ಬದಲು 20ರಿಂದ 40 ಮೀಟರಿನ ಓಡಿ ನಿಲ್ಲುವ, ತಿರುಗುವ ಓಟ ಹಾಕಿಕೊಳ್ಳಲಿ. ಚೆಂಡು, ಸ್ಟಿಕ್ಕಿನ ಅಭ್ಯಾಸ ಸಂಜೆಗೆ. ಬಾಗಿ ಆಡುವ ಆಟವಾದ್ದರಿಂದ ಸೊಂಟ ಮತ್ತು ತೊಡೆಯ ಹಿಂಭಾಗಕ್ಕೆ ವಾರಕ್ಕೆ ಎರಡು ಸಲ ಬಲದ ಕಸರತ್ತು ತಪ್ಪಿಸಬಾರದು.

ಹಂತ 5: ನಡುವಿನ ಎಂಟು ಗಂಟೆ

ಎರಡನೇ ಹೊತ್ತು ಕೆಡುವುದು ಮೈದಾನದಲ್ಲಲ್ಲ, ಅಡುಗೆಮನೆಯಲ್ಲಿ. ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟ ಬೆಳಗಿನ ಓಟಕ್ಕೆ ಖರ್ಚಾಗಿರುತ್ತದೆ. ಅದು ಪೂರ್ತಿ ತುಂಬಿಕೊಳ್ಳಲು ಸುಮಾರು ಒಂದು ದಿನ ಹಿಡಿಯುತ್ತದೆ, ನಿಮಗಿರುವುದು ಎಂಟು ಗಂಟೆ. ಆದ್ದರಿಂದ ತಡ ಮಾಡದೆ ತಿನ್ನಬೇಕು.

ಕಠಿಣ ತಾಲೀಮು ಮುಗಿದ ಒಂದು ಗಂಟೆಯೊಳಗೆ ಮೈತೂಕದ ಪ್ರತಿ ಕಿಲೋಗೆ 1 ಗ್ರಾಂ ಪಿಷ್ಟ, ಜೊತೆಗೆ 20ರಿಂದ 25 ಗ್ರಾಂ ಪ್ರೋಟೀನ್. 60 ಕಿಲೋ ತೂಗುವವರಿಗೆ ಮಧ್ಯಮ ಗಾತ್ರದ ಎರಡು ಅಕ್ಕಿರೊಟ್ಟಿ, ಮೂರು ಮೊಟ್ಟೆ, ಒಂದು ಲೋಟ ಹಾಲು ಅಂದರೆ ಲೆಕ್ಕ ಸರಿಹೋಗುತ್ತದೆ. ಮೊಟ್ಟೆ ತಿನ್ನದವರು ಒಂದು ದೊಡ್ಡ ಬಟ್ಟಲು ಬೇಯಿಸಿದ ಹೆಸರುಕಾಳು, ಒಂದು ಬಟ್ಟಲು ಮೊಸರು ತೆಗೆದುಕೊಳ್ಳಲಿ. ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಎರಡೂ ಈ ಹೊತ್ತಿಗೆ ಹೇಳಿ ಮಾಡಿಸಿದ ತಿಂಡಿ, ಅಕ್ಕಿಯ ಪಿಷ್ಟ ಬೇಗ ಜೀರ್ಣವಾಗುತ್ತದೆ. ಪಂದಿಕರಿಯನ್ನು ಮಾತ್ರ ಶನಿವಾರ ರಾತ್ರಿಗೆ ಇಟ್ಟುಕೊಳ್ಳಿ. ಕೊಬ್ಬು ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ, ಮಧ್ಯಾಹ್ನ ಉಂಡರೆ ಸಂಜೆ ಐದಕ್ಕೂ ಭಾರ ಇಳಿದಿರುವುದಿಲ್ಲ.

ಮಧ್ಯಾಹ್ನ ಅನ್ನ, ಸಾರು, ಕಾಳು ಅಥವಾ ಮೀನು, ಒಂದು ಪಲ್ಯ. ಸಂಜೆಯ ತಾಲೀಮಿಗೆ ಒಂದೂವರೆ ಗಂಟೆ ಮೊದಲು ಒಂದೆರಡು ಬಾಳೆಹಣ್ಣು, ನೇಂದ್ರವಾದರೆ ಒಂದು ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಹಗುರ ಓಟ ನಡೆಯುತ್ತದೆ, ವೇಗದ ಓಟ ನಡೆಯದು. ಆ ದಿನ ಎದ್ದೊಡನೆ ಒಂದು ಬಾಳೆಹಣ್ಣು, ಬೆಲ್ಲದ ಕಾಫಿ.

ಕಾಫಿ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಐದರ ಕಾಫಿ ನಮ್ಮ ಮನೆಗಳಲ್ಲಿ ಬಿಡಲಾಗದ ಅಭ್ಯಾಸ, ಆದರೂ ಎರಡು ಹೊತ್ತಿನ ದಿನಗಳಲ್ಲಿ ಮಧ್ಯಾಹ್ನ ಎರಡರದ್ದೇ ಕೊನೆಯ ಲೋಟವಾಗಲಿ. ಒಂಬತ್ತೂವರೆಗೆ ಮಲಗಿ ಐದೂವರೆಗೆ ಏಳಬೇಕಾದವರಿಗೆ ಅದರಲ್ಲಿ ಒಂದು ಗಂಟೆ ಹೊರಳಾಟಕ್ಕೆ ಹೋದರೆ ಉಳಿದ ಎಲ್ಲ ಲೆಕ್ಕವೂ ತಪ್ಪುತ್ತದೆ. ಮಧ್ಯಾಹ್ನ ಮೂರರೊಳಗೆ 20 ನಿಮಿಷ ಕಣ್ಣು ಮುಚ್ಚಲು ಸಿಕ್ಕರೆ ಬಿಡಬೇಡಿ.

ನೀರಿಗೆ ತೂಕದ ಯಂತ್ರವೇ ಅಳತೆ. ತಾಲೀಮಿನ ಮೊದಲು, ಆಮೇಲೆ ಬೆವರು ಒರೆಸಿಕೊಂಡು ತೂಗಿ. 600 ಗ್ರಾಂ ಇಳಿದಿದ್ದರೆ ಸಂಜೆಯೊಳಗೆ ಸುಮಾರು 900 ಮಿಲಿಲೀಟರ್ ಕುಡಿಯಬೇಕು, ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಚಳಿ, ಮಂಜಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ಉಪ್ಪು ಹಾಕಿದ ಗಂಜಿ ಇದಕ್ಕೆ ಅಂಗಡಿಯ ಯಾವ ಪಾನೀಯಕ್ಕೂ ಕಡಿಮೆಯಲ್ಲ.

ಹಂತ 6: ಏರಿಸುವುದು, ಇಳಿಸುವುದು

ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸಿ. ಏರಿಸುವಾಗ ವಾರದ ಹೊರೆ ಹತ್ತರಲ್ಲಿ ಒಂದು ಪಾಲು ಹೆಚ್ಚಾದರೆ ಸಾಕು, ಅದೂ ಒಂದೇ ಬಾಬತ್ತಿನಲ್ಲಿ. ಸಮಯ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ, ಹೊಸ ಏರು ಸೇರಿಸಬೇಡಿ. ನಾಲ್ಕನೇ ವಾರ ಮೂರನೇ ಒಂದು ಪಾಲು ಕಡಿಮೆ ಮಾಡಿ. ಮೈ ಹಗುರಾಗಿದೆ, ಇನ್ನೂ ಮಾಡಬಹುದು ಅನ್ನಿಸುವ ವಾರವೂ ಇದೇ. ಅದನ್ನು ನಂಬಿ ಇಳಿಕೆಯ ವಾರವನ್ನು ಹಾರಿಸಿದವರೇ ಹೆಚ್ಚಾಗಿ ಪೆಟ್ಟು ಮಾಡಿಕೊಳ್ಳುತ್ತಾರೆ.

ಎರಡು ಹೊತ್ತಿನ ದಿನಗಳು ಎರಡರಿಂದ ಮೂರಕ್ಕೆ, ಅಲ್ಲಿಂದ ಎರಡು ಮೂರು ತಿಂಗಳ ನಂತರ ನಾಲ್ಕಕ್ಕೆ ಹೋಗಲಿ. ಕೆಲಸ, ಕಾಲೇಜು ಇರುವವರಿಗೆ ನಾಲ್ಕೇ ಮಿತಿ.

ಕೊಡಗಿನ ನೆಲ, ಮಳೆ, ತೋಟ

ಹೊರಗಿನ ಪಟ್ಟಿಗಳನ್ನು ಹಾಗೇ ಇಲ್ಲಿ ಹಾಕಿಕೊಂಡರೆ ಕೆಡುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಏಟು ಬೀಳುವುದು ಇದರಿಂದ, ನೋವು ಕಾಣಿಸಿಕೊಳ್ಳುವುದು ಮರುದಿನ, ಅದರ ಮರುದಿನ. ಮಡಿಕೇರಿಯ ಸುತ್ತ ಮನೆಯಿಂದ ಹೊರಟು ಮನೆಗೇ ಬರುವ ಯಾವ ಓಟದಲ್ಲೂ ಇಳಿಜಾರು ಇದ್ದೇ ಇರುತ್ತದೆ. ಸಂಜೆಯ ಹಗುರ ಓಟವನ್ನಾದರೂ ಸಮತಟ್ಟಿನಲ್ಲಿ ಮಾಡಿ, ಮೈದಾನದ ಹುಲ್ಲಿನ ಮೇಲಾದರೆ ಇನ್ನೂ ಒಳ್ಳೆಯದು. ಕುಶಾಲನಗರದ ಕಡೆಯವರಿಗೆ ಈ ತಾಪತ್ರಯ ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹೊತ್ತನ್ನು ಮನೆಯೊಳಗೇ ಇಟ್ಟುಕೊಳ್ಳಿ: ಕಂಬಿ, ಮೆಟ್ಟಿಲು, ಸ್ಕಿಪ್ಪಿಂಗ್. ಪಾಚಿ ಹಿಡಿದ ಕಾಂಕ್ರೀಟು, ಒದ್ದೆ ಎಲೆ ಬಿದ್ದ ಡಾಂಬರು ಎರಡರ ಮೇಲೂ ವೇಗದ ಓಟ ಬೇಡ. ಒದ್ದೆ ಶೂವಿನ ಒಳಗಿನ ಅಟ್ಟೆಯನ್ನು ತೆಗೆದು ಬೇರೆ ಒಣಗಿಸಿ, ಶೂವಿನೊಳಗೆ ಹಳೇ ಪೇಪರು ತುರುಕಿ, ಒಂದು ಗಂಟೆಗೆ ತೆಗೆದು ಹೊಸದು ತುರುಕಿ. ಬೇಗ ಒಣಗಲಿ ಎಂದು ಒಲೆಯ ಪಕ್ಕ ಇಡುವುದು ದೊಡ್ಡ ತಪ್ಪು. ಶಾಖಕ್ಕೆ ಅಂಟು ಬಿಡುತ್ತದೆ, ಮೆತ್ತಗಿನ ಅಡಿ ಗಟ್ಟಿಯಾಗುತ್ತದೆ, ಹೊರಗೆ ನೋಡಲು ಶೂ ಚೆನ್ನಾಗಿಯೇ ಇರುತ್ತದೆ. ಕಾಲ್ಬೆರಳ ಸಂದಿಯನ್ನು ಒರೆಸಿ ಒಣಗಿಸದಿದ್ದರೆ ಕೆಸರುಹುಣ್ಣು ಖಂಡಿತ. ಜಿಗಣೆ ಹತ್ತಿದರೆ ಎಳೆದು ಕೀಳಬೇಡಿ, ಉಗುರಿನಿಂದ ಚರ್ಮಕ್ಕೆ ಸಮನಾಗಿ ಬಾಯಿಯ ಹಿಡಿತ ಬಿಡಿಸಿ ಸೋಪು ಹಾಕಿ ತೊಳೆಯಿರಿ.

ಸಿದ್ದಾಪುರ, ವಿರಾಜಪೇಟೆ, ತಿತಿಮತಿ ಕಡೆಯ ತೋಟದ ದಾರಿಗಳಲ್ಲಿ ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ಓಡಲೇಬೇಡಿ. ಆನೆ ಅಡ್ಡಾಡುವ ಹೊತ್ತು ಅದೇ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಕೊಂಬೆ ಮುರಿಯುವ ಸದ್ದೂ ಕೇಳದು. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಸುಮಾರಿಗೆ. ಆಗ ಬೆಳಗಿನ ಹೊತ್ತನ್ನು ಏಳಕ್ಕೆ ಸರಿಸಿ, ಅಥವಾ ಊರೊಳಗಿನ ಮೈದಾನಕ್ಕೆ ಹೋಗಿ.

ಕಾಫಿ ಕೊಯ್ಲಿನ ದಿನಗಳಲ್ಲಿ ಹಗಲೆಲ್ಲ ತೋಟದಲ್ಲಿ ನಿಂತು, ಚೀಲ ಹೊತ್ತವರಿಗೆ ಅದೇ ಒಂದು ಹೊತ್ತಿನ ತಾಲೀಮು. ಆ ವಾರಗಳಲ್ಲಿ ಇನ್ನೊಂದೇ ಹೊತ್ತು, ಅದೂ ಹಗುರ. ಇದನ್ನು ಲೆಕ್ಕಕ್ಕೆ ಹಿಡಿಯದೆ ಪಟ್ಟಿಯಲ್ಲಿದ್ದದ್ದನ್ನೆಲ್ಲ ಮಾಡಲು ಹೋಗಿ ಜನವರಿಯಲ್ಲಿ ಸೊಂಟ ಹಿಡಿಸಿಕೊಳ್ಳುತ್ತಾರೆ.

ಎಚ್ಚರಿಕೆಯ ಸೂಚನೆಗಳು

ಬೆಳಗಿನ ನಾಡಿ ಮೂಲಕ್ಕಿಂತ 7-8 ಹೆಚ್ಚಿದ್ದು ಎರಡು ದಿನ ಹಾಗೇ ನಿಂತರೆ ಸಂಜೆಯ ಹೊತ್ತು ಬಿಡಿ. ಮೂರನೇ ದಿನವೂ ಇಳಿಯದಿದ್ದರೆ ಪೂರ್ತಿ ರಜೆ. ಸುಸ್ತಾಗಿದ್ದರೂ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ಸಣ್ಣಪುಟ್ಟದಕ್ಕೂ ಸಿಡಿಮಿಡಿ, ಹಳೆಯ ವೇಗಕ್ಕೇ ಕಷ್ಟದ ಅಂಕ ಹೆಚ್ಚು ಬರುವುದು, ಇವೆಲ್ಲ ಒಂದೇ ಕಥೆ ಹೇಳುತ್ತವೆ. ಒಂದು ವಾರ ಅರ್ಧ ಹೊರೆಗೆ ಇಳಿಯಿರಿ.

ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ಹರಡಿದ ನೋವು, ಓಡುತ್ತಾ ಕಡಿಮೆಯಾದರೆ, ಓಟ ಕಡಿಮೆ ಮಾಡಿದಾಗ ಸಾಮಾನ್ಯವಾಗಿ ವಾಸಿಯಾಗುತ್ತದೆ. ಒಂದೇ ಬೆರಳಿನಿಂದ "ಇಲ್ಲೇ" ಎಂದು ತೋರಿಸಬಹುದಾದ ನೋವು, ಓಡುತ್ತಾ ಹೆಚ್ಚಾಗುವ, ರಾತ್ರಿ ಮಲಗಿದಾಗಲೂ ಇರುವ ನೋವು ಎಲುಬಿನ ಸೀಳಿರಬಹುದು. ಓಟ ಆ ಕ್ಷಣವೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಇರಬಹುದು, ಎಕ್ಸ್‌ರೇ ಸರಿಯಿದೆ ಎಂದು ಮತ್ತೆ ಓಡಲು ಹೊರಡಬೇಡಿ.

ಹೆಣ್ಣುಮಕ್ಕಳಿಗೆ ಮುಟ್ಟು ಮೂರು ತಿಂಗಳು ನಿಂತರೆ ಅದನ್ನು ತಾಲೀಮಿನ ಸಹಜ ಪರಿಣಾಮ ಎಂದು ಬಿಡಬಾರದು. ಮಾಡುವ ಕೆಲಸಕ್ಕೆ ಊಟ ಸಾಲುತ್ತಿಲ್ಲ ಎಂಬ ಸೂಚನೆಯಾಗಿರಬಹುದು, ಎಲುಬು ಸವೆಯುವುದು ಅಲ್ಲಿಂದಲೇ. ವೈದ್ಯರನ್ನು ಕಾಣಿ, ರಕ್ತದ ಹಿಮೋಗ್ಲೋಬಿನ್ ಕೂಡ ನೋಡಿಸಿ.

ವಿಪರೀತ ಕಸರತ್ತಿನ ನಂತರ ಮೂತ್ರ ಕಡು ಕಾಫಿಯ ಬಣ್ಣಕ್ಕೆ ತಿರುಗಿ, ಸ್ನಾಯು ಊದಿಕೊಂಡು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೊರೆಯಾಗುವ ಸ್ಥಿತಿ ಅದು. ಜ್ವರವಿದ್ದಾಗ ಹಗುರ ಓಟವೂ ಬೇಡ, ಹೃದಯದ ಸ್ನಾಯುವಿಗೆ ಸೋಂಕು ಇಳಿಯುವ ಅಪಾಯವಿದೆ. ಮಳೆಗಾಲದಲ್ಲಿ ಜ್ವರದ ಜೊತೆ ಮೀನಖಂಡ ವಿಪರೀತ ನೋಯುತ್ತಿದ್ದರೆ ತಾಲೀಮಿನ ನೋವೆಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಿ, ಇಲಿಜ್ವರವೂ ಹೀಗೇ ಶುರುವಾಗುತ್ತದೆ.

ಭರ್ತಿ ಅಥವಾ ಪಂದ್ಯ ಹತ್ತಿರ ಬಂದಾಗ

ಕೊನೆಯ ಎರಡು ವಾರ ಸಂಜೆಯ ಹೊತ್ತುಗಳನ್ನು ಒಂದೊಂದಾಗಿ ತೆಗೆಯಿರಿ. ಬೆಳಗಿನ ವೇಗ ಅಷ್ಟೇ ಇರಲಿ, ಸುತ್ತುಗಳು ಮಾತ್ರ ಕಡಿಮೆಯಾಗಲಿ: ಐದಿದ್ದದ್ದು ಮೂರು, ಕೊನೆಯ ವಾರ ಎರಡು. ಭರ್ತಿಗೆ ಮೂರು ದಿನವಿರುವಾಗ ಕಾಲಿನ ಭಾರ ಪೂರ್ತಿ ನಿಲ್ಲಿಸಿ. ಹೊಸ ಶೂ ಕೊಳ್ಳುವುದಿದ್ದರೆ ಮೂರು ವಾರ ಮೊದಲೇ ಕೊಂಡು ಹಗುರ ಓಟಗಳಲ್ಲಿ ಪಳಗಿಸಿ.

ಕಾಯಿಲೆಯಿಂದಲೋ ಮನೆಯ ಕಾರ್ಯದಿಂದಲೋ ಒಂದು ವಾರ ತಪ್ಪಿದರೆ, ತಪ್ಪಿದ್ದನ್ನು ತುಂಬಿಸಲು ಹೋಗಬೇಡಿ. ಮರಳಿ ಬಂದ ಮೊದಲ ವಾರ ಒಂದೇ ಹೊತ್ತು. ನಾಡಿ ಮೂಲಕ್ಕೆ ಬಂದಿದ್ದರೆ ಎರಡನೇ ವಾರ ಹಂತ 2ರಿಂದ ಮತ್ತೆ ಹತ್ತಿ.